ಜೂನ್‌ನಲ್ಲಿ ಎದ್ದ ಕೈಗಳು ದಸರಾ ಹೊತ್ತಿಗೆ ಎಲ್ಲಿ ಹೋಗುತ್ತವೆ?

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಜೂನ್‌ನಲ್ಲಿ ‘ವಿಜ್ಞಾನ ಸ್ಪರ್ಧೆಗೆ ಯಾರು ಬರ್ತೀರಿ?’ ಎಂದು ಕೇಳಿದರೆ ಇಪ್ಪತ್ತು ಕೈ ಏಳುತ್ತವೆ. ದಸರಾ ರಜೆ ಮುಗಿಯುವಷ್ಟರಲ್ಲಿ ಐದಾರು ಮಕ್ಕಳು ಉಳಿದಿರುತ್ತಾರೆ. ತಾಲ್ಲೂಕು ಮಟ್ಟದಲ್ಲಿ ಸೋತರೆ ಮುಂದಿನ ವರ್ಷ ಅವರೂ ಬರುವುದಿಲ್ಲ. ಈ ವರ್ಷ ಉಳಿದಿರುವುದು ಮೂವರು. ಬಹುಮಾನ ಹೆಚ್ಚಿಸಬೇಕೆ? ಎಲ್ಲರಿಗೂ ಕಡ್ಡಾಯ ಮಾಡಬೇಕೆ? ಇಷ್ಟಕ್ಕೂ ಮಕ್ಕಳು ಯಾಕೆ ಬರುತ್ತಾರೆ, ಯಾಕೆ ಬಿಡುತ್ತಾರೆ?

ಉತ್ತರ: ಮೇಡಂ, ಬಹುಮಾನ ಹೆಚ್ಚಿಸಬೇಡಿ, ಕಡ್ಡಾಯವನ್ನೂ ಮಾಡಬೇಡಿ. ಮಕ್ಕಳು ಸೇರುವುದಕ್ಕೆ ಒಂದು ಕಾರಣ, ಉಳಿಯುವುದಕ್ಕೆ ಬೇರೆಯೇ ಕಾರಣ. ಸೇರಿಸಿಕೊಳ್ಳುವಾಗ ತೋರಿಸಿದ ಆಸೆಯನ್ನೇ ಉಳಿಸಿಕೊಳ್ಳುವುದಕ್ಕೂ ತೋರಿಸುತ್ತಾ ಹೋದರೆ ನೀವು ಹೇಳಿದಂತೆಯೇ ಆಗುತ್ತದೆ.

ಸೇರುವ ಕಾರಣಗಳು ಸರಳ. ಗೆಳತಿ ಕೈ ಎತ್ತಿದಳು, ತಾನೂ ಎತ್ತಿದಳು. ಕಳೆದ ವರ್ಷ ಹೋದವರು ಚಿತ್ರದುರ್ಗದ ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್‌ನಲ್ಲಿ ನಡೆದ ಪ್ರದರ್ಶನದ ಕಥೆ ಹೇಳಿದ್ದರು, ತಾನೂ ಹೋಗಬೇಕು. ಒಂದು ದಿನ ಪಾಠ ತಪ್ಪುತ್ತದೆ, ಪ್ರಮಾಣಪತ್ರ ಸಿಗುತ್ತದೆ. ಮಕ್ಕಳ ಹೊಸ ಉಪಾಯಗಳಿಗೆ ಹಣ ಕೊಡುವ ಕೇಂದ್ರ ಸರ್ಕಾರದ ಯೋಜನೆ ‘ಇನ್‌ಸ್ಪೈರ್’ನಲ್ಲಿ ಆಯ್ಕೆಯಾದರೆ ಹತ್ತು ಸಾವಿರ ರೂಪಾಯಿ ಖಾತೆಗೆ ಬರುತ್ತದಂತೆ. ಇವುಗಳಲ್ಲಿ ಯಾವುದೂ ಕೀಳು ಕಾರಣವಲ್ಲ. ಹದಿಮೂರು ವರ್ಷದ ಮಗು ‘ವಿಜ್ಞಾನದ ಮೇಲಿನ ಪ್ರೀತಿಯಿಂದ’ ಬಂದಿದ್ದೇನೆ ಎಂದು ಹೇಳಿದರೆ ಅದು ಭಾಷಣ ಸ್ಪರ್ಧೆಯಲ್ಲಿ ಕಲಿತ ಮಾತೇ ಇರಬೇಕು. ಬಂದ ಮಗುವನ್ನು ಬಂದ ಕಾರಣಕ್ಕೆ ಅಳೆಯಬೇಡಿ.

ಆದರೆ ಒಂದು ಎಚ್ಚರ. ಕೈ ಎತ್ತಲು ಹೇಳಿದಾಗ ಎತ್ತುವವರು ಯಾವಾಗಲೂ ಅದೇ ಮಕ್ಕಳು, ಪ್ರತಿಭಾ ಕಾರಂಜಿಗೂ ಅವರೇ, ರಸಪ್ರಶ್ನೆಗೂ ಅವರೇ. ಹಿಂದಿನ ಬೆಂಚಿನಲ್ಲಿ ಕೂತು ಮನೆಯ ಮೋಟಾರ್ ಸ್ಟಾರ್ಟರ್ ಬಿಚ್ಚಿ ಜೋಡಿಸುವ ಹುಡುಗ, ದಿನವೂ ಐದು ಕೊಡ ನೀರು ಹೊತ್ತು ಯಾವ ನೀರಿಗೆ ಬೇಳೆ ಬೇಯುವುದಿಲ್ಲ ಎಂದು ಗೊತ್ತಿರುವ ಹುಡುಗಿ ಕೈ ಎತ್ತುವುದಿಲ್ಲ. ಅಂಥವರನ್ನು ಹೆಸರು ಹಿಡಿದು, ಒಬ್ಬೊಬ್ಬರನ್ನೇ ಕರೆದು, ‘ಈ ಕೆಲಸಕ್ಕೆ ನೀನು ಬೇಕು, ಯಾಕೆಂದರೆ ನಿನಗೆ ಇದು ಗೊತ್ತು’ ಎಂದು ಕಾರಣ ಸಮೇತ ಹೇಳಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹಾಗೆ ಕರೆಸಿಕೊಂಡು ಬಂದವರು ಸುಲಭಕ್ಕೆ ಬಿಡುವುದಿಲ್ಲ.

ಇನ್ನು ಬಹುಮಾನ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ಮನಃಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದೆಂದರೆ ಇಷ್ಟಪಡುವ ಮಕ್ಕಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ‘ಚಿತ್ರ ಬರೆದರೆ ಪ್ರಮಾಣಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಎರಡನೆಯದಕ್ಕೆ ಏನೂ ಹೇಳದೆ, ಬರೆದಾದ ಮೇಲೆ ಅದೇ ಪ್ರಮಾಣಪತ್ರ ಕೊಟ್ಟರು. ಮೂರನೆಯದಕ್ಕೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಒಂದೆರಡು ವಾರದ ನಂತರ ಸುಮ್ಮನೆ ಪೆನ್ನು ಇಟ್ಟು ನೋಡಿದಾಗ, ಪ್ರಮಾಣಪತ್ರದ ಆಸೆಗೆ ಬರೆದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಮುಟ್ಟಿದರು. ಅನಿರೀಕ್ಷಿತವಾಗಿ ಪಡೆದವರ ಆಸಕ್ತಿ ಕುಗ್ಗಿರಲಿಲ್ಲ.

ಅವರು ಪುಟ್ಟ ಮಕ್ಕಳು, ಪ್ರೌಢಶಾಲೆಗೆ ಅದನ್ನು ಹಾಗೆಯೇ ತಂದು ಕೂರಿಸಲಾಗದು. ಆದರೂ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಮುಂದೆ ಕಟ್ಟಿದ ಸಿದ್ಧಾಂತ ದೊಡ್ಡ ಮಕ್ಕಳಿಗೂ ದೊಡ್ಡವರಿಗೂ ಅನ್ವಯಿಸುತ್ತದೆ. ಒಂದು ಕೆಲಸದಲ್ಲಿ ಒಳಗಿನಿಂದ ಆಸಕ್ತಿ ಉಳಿಯಬೇಕಾದರೆ ಅದನ್ನು ತಾನೇ ಆರಿಸಿಕೊಂಡೆ ಅನಿಸಬೇಕು, ತನ್ನ ಕೈ ಪಳಗುತ್ತಿದೆ ಎಂದು ಕಾಣಬೇಕು, ತನ್ನವರೆನ್ನುವವರು ಜೊತೆಗಿರಬೇಕು. ಈ ಮೂರನ್ನು ಇಟ್ಟುಕೊಂಡು ನಮ್ಮ ಶಾಲೆಗಳಲ್ಲಿ ನಡೆಯುವುದನ್ನು ನೋಡಿ. ಮಾದರಿಯನ್ನು ಆರಿಸುವವರು ಮೇಷ್ಟ್ರು. ಥರ್ಮೋಕೋಲ್ ಕತ್ತರಿಸುವುದು ಅಣ್ಣ ಅಥವಾ ಅಪ್ಪ. ಮಗುವಿನ ಪಾಲಿಗೆ ಉಳಿಯುವುದು ಪಕ್ಕದಲ್ಲಿ ನಿಂತು ಬಾಯಿಪಾಠ ಮಾಡಿದ ವಿವರಣೆ ಒಪ್ಪಿಸುವುದು. ತೀರ್ಪುಗಾರರು ‘ಇದನ್ನು ಎಷ್ಟು ಸಲ ಮಾಡಿ ನೋಡಿದಿರಿ?’ ಎಂದು ಕೇಳಿದ ಕೂಡಲೇ ಮಾತು ನಿಂತುಹೋಗುತ್ತದೆ. ಆ ಅರ್ಧ ನಿಮಿಷದ ಅವಮಾನವೇ ಮುಂದಿನ ವರ್ಷ ಆ ಮಗು ಬಾರದಿರಲು ಸಾಕು. ಸಿರಿಂಜಿನ ಜೆಸಿಬಿ, ಅಡುಗೆ ಸೋಡಾದ ಜ್ವಾಲಾಮುಖಿ, ಥರ್ಮೋಕೋಲಿನ ಮಳೆನೀರು ಕೊಯ್ಲು ಇವುಗಳ ತೊಂದರೆ ಇಷ್ಟೇ: ಅವುಗಳಲ್ಲಿ ಮಗುವಿಗೆ ಕಂಡುಕೊಳ್ಳಲು ಏನೂ ಉಳಿದಿಲ್ಲ, ಉತ್ತರ ಮೊದಲೇ ಗೊತ್ತು.

ಮಗುವನ್ನು ಹಿಡಿದು ನಿಲ್ಲಿಸುವುದು ಬೇರೆ ಯಾರ ಬಳಿಯೂ ಇಲ್ಲದ ಒಂದು ಅಂಕಿ. ‘ನಮ್ಮ ಬೀದಿ ಬೋರಿನ ನೀರು 3 ಮಿ.ಲೀ. ಸೋಪು ತಿನ್ನುತ್ತೆ, ನಿಮ್ಮದು ಎಷ್ಟು?’ ಎಂದು ಕೇಳಲು ಬರುವ ಮಗು ಮುಂದಿನ ವಾರವೂ ಬರುತ್ತದೆ. ಅಂಥ ಅಂಕಿ ಹುಟ್ಟಿಸುವ ಕೆಲಸ ಅಗ್ಗವಾಗಿರಬೇಕು, ಒಂದು ಗಂಟೆಯೊಳಗೆ ಮುಗಿಯಬೇಕು, ವಾರದಿಂದ ವಾರಕ್ಕೆ ಬೆಳೆಯಬೇಕು. ನಿಮ್ಮ ಭಾಗಕ್ಕೆ ನೀರಿನ ಗಡಸುತನವೇ, ಅಂದರೆ ಸೋಪಿಗೆ ಸುಲಭಕ್ಕೆ ನೊರೆ ಬರಗೊಡದ ಗುಣವೇ ಒಳ್ಳೆಯ ಆರಂಭ. ಅದನ್ನು ವಿವರವಾಗಿಯೇ ಹೇಳುತ್ತೇನೆ.

ಸ್ನಾನದ ಸೋಪು ತೆಗೆದುಕೊಳ್ಳಿ, ಹೊದಿಕೆಯ ಮೇಲೆ ಒಟ್ಟು ಕೊಬ್ಬಿನಂಶ ಹೇಳುವ ಟಿಎಫ್‌ಎಂ 76 ಅಥವಾ ಅದಕ್ಕಿಂತ ಹೆಚ್ಚು ಎಂದಿರಲಿ. ಬಟ್ಟೆ ಪುಡಿ, ಡಿಟರ್ಜೆಂಟ್ ಬಾರ್ ಬೇಡವೇ ಬೇಡ, ಅವು ಗಡಸು ನೀರಿನಲ್ಲೂ ನೊರೆ ಕೊಡುತ್ತವೆ, ಇಡೀ ಪ್ರಯೋಗ ಹಾಳು. ಸೋಪನ್ನು ತುರಿದು 1 ಗ್ರಾಂ ತೂಗಿ, 100 ಮಿ.ಲೀ. ಉಗುರು ಬೆಚ್ಚಗಿನ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ. ಅದು ಬ್ಯಾಟರಿಗೆ ಹಾಕುವ ನೀರು, ಆಟೋಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಅಂಗಡಿಯವರಿಗೆ ‘ಡಿಸ್ಟಿಲ್ಡ್ ವಾಟರ್’ ಎಂದೇ ಹೇಳಿ, ಇಲ್ಲವಾದರೆ ಆಸಿಡ್ ಕ್ಯಾನು ಕೈಗೆ ಬಂದೀತು. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿಡಿ. ಸೂಜಿ ಇಲ್ಲದ 2 ಮಿ.ಲೀ. ಸಿರಿಂಜು, ಬಿಗಿಯಾದ ಮುಚ್ಚಳವಿರುವ ಪುಟ್ಟ ಪಾರದರ್ಶಕ ಬಾಟಲಿ ಮಗುವಿಗೊಂದರಂತೆ ಬೇಕು.

ಪರೀಕ್ಷಿಸಬೇಕಾದ ನೀರು 10 ಮಿ.ಲೀ. ಬಾಟಲಿಗೆ ಹಾಕಿ. ಸೋಪಿನ ದ್ರಾವಣ 0.2 ಮಿ.ಲೀ. ಸೇರಿಸಿ, ಮುಚ್ಚಳ ಹಾಕಿ, ಹತ್ತು ಸಲ ಕುಲುಕಿ ಮೇಜಿನ ಮೇಲಿಡಿ. ನೊರೆ 30 ಸೆಕೆಂಡು ನಿಂತರೆ ಮುಗಿಯಿತು, ಕುಸಿದರೆ ಇನ್ನೊಂದು 0.2 ಸೇರಿಸಿ. ಮೊದಲು ಡಿಸ್ಟಿಲ್ಡ್ ನೀರಿನಲ್ಲೇ ಮಾಡಿ. ಅಲ್ಲಿ ಹಿಡಿಯುವ ಅಲ್ಪ ಪ್ರಮಾಣವನ್ನು ಉಳಿದ ಎಲ್ಲ ಅಳತೆಯಿಂದಲೂ ಕಳೆಯಬೇಕು. ಸಾಕಷ್ಟು ಗಡಸು ನೀರಾದರೆ 3 ಮಿ.ಲೀ. ಆಸುಪಾಸು ಹಿಡಿದೀತು. 6 ದಾಟಿದರೂ ನೊರೆ ನಿಲ್ಲದಿದ್ದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ನೀರು ಬೆರೆಸಿ ಮಾಡಿ, ಬಂದ ಅಂಕಿಯಿಂದ ಆ ಅಲ್ಪ ಪ್ರಮಾಣವನ್ನು ಕಳೆದು ಎರಡರಿಂದ ಗುಣಿಸಿ. ಪ್ರತಿ ನೀರಿಗೂ ಮೂರು ಸಲ.

ಮುಂದಿನ ವಾರ ಅದೇ ನೀರನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ಸೋಸಿ, ಆವಿಯಾಗಿ ಹೋದಷ್ಟನ್ನು ಡಿಸ್ಟಿಲ್ಡ್ ನೀರಿನಿಂದ ತುಂಬಿ ಮತ್ತೆ ಅಳೆಯಲಿ. ಸೋಪು ಕಡಿಮೆಯಾದಷ್ಟು ತಾತ್ಕಾಲಿಕ ಗಡಸುತನ, ಉಳಿದದ್ದು ಶಾಶ್ವತ. ಪಠ್ಯಪುಸ್ತಕದ ಆ ಎರಡು ಪದಗಳು ಮಗುವಿಗೆ ಮೊದಲ ಸಲ ತನ್ನದೇ ಬಾಟಲಿಯಲ್ಲಿ ಕಾಣುತ್ತವೆ.

ಎಲ್ಲಿ ತಪ್ಪುತ್ತದೆ ಎನ್ನುವುದನ್ನು ಮೊದಲೇ ಹೇಳಬೇಡಿ, ಮಕ್ಕಳ ಅಂಕಿಗಳೇ ಹೇಳಲಿ. ಒಬ್ಬ ಜೋರಾಗಿ ಕುಲುಕುತ್ತಾನೆ, ಇನ್ನೊಬ್ಬಳು ಮೆಲ್ಲಗೆ. ಒಂದೇ ನೀರಿಗೆ ಇಬ್ಬರದೂ ಬೇರೆ. ಹಿಂದಿನ ನೀರಿನಲ್ಲೇ ತೊಳೆದ ಬಾಟಲಿ, ಚಳಿಗೆ ಹೆಪ್ಪುಗಟ್ಟಿ ತಳದಲ್ಲಿ ಕೂತ ಸೋಪು, ಸಿರಿಂಜಿನೊಳಗಿನ ಗಾಳಿಗುಳ್ಳೆ. ನೋಟ್‌ಬುಕ್ಕಿನ ಒಂದು ಪುಟ ಹೇಗಿರಬೇಕೆಂದರೆ: ಮೇಲೆ ತಾರೀಖು, ಹೊತ್ತು, ಅಳೆದವರ ಹೆಸರು, ‘ಊರ ಮುಂದಿನ ತೊಂಬೆ ನೀರು’. ಕೆಳಗೆ 2.6, 2.8, 3.6. ಕೊನೆಯ ಅಂಕಿಯ ಮೇಲೆ ಒಂದೇ ಗೆರೆ, ಅಂಕಿ ಇನ್ನೂ ಓದಲು ಬರುವಂತೆ. ಪಕ್ಕದಲ್ಲಿ ಮಗುವಿನ ಅಕ್ಷರದಲ್ಲಿ ‘ಬಾಟಲಿ ತೊಳೆದಿರಲಿಲ್ಲ, ನಾಳೆ ಮತ್ತೆ’. ರಬ್ಬರ್ ಹಾಕಿ ಅಳಿಸಿದ ಪುಟಕ್ಕಿಂತ ಈ ಪುಟ ಸಾವಿರ ಪಾಲು ಮೇಲು, ತೀರ್ಪುಗಾರರಿಗೂ ಅಷ್ಟೇ. ತಪ್ಪು ಹಿಡಿದದ್ದು ತಾನೇ ಎಂಬ ಹಮ್ಮು ಮಗುವಿಗೆ ಬರಲಿ. ತನ್ನ ಕೈ ಪಳಗುತ್ತಿದೆ ಎಂದು ಕಾಣಬೇಕು ಎಂದೆನಲ್ಲ, ಅದು ಇಲ್ಲಿ ಕಾಣುತ್ತದೆ: ಜುಲೈನಲ್ಲಿ ಮೂರು ಅಳತೆಗಳ ನಡುವೆ ಒಂದು ಮಿ.ಲೀ. ಅಂತರ ಇದ್ದದ್ದು ಆಗಸ್ಟ್‌ನಲ್ಲಿ 0.2ಕ್ಕೆ ಇಳಿಯುತ್ತದೆ.

ಒಂದು ಮಾತನ್ನು ಮಾತ್ರ ಮಕ್ಕಳಿಗೆ ಖಡಾಖಂಡಿತ ಹೇಳಿ. ಸೋಪಿನ ಪರೀಕ್ಷೆಯಿಂದ ನೀರು ಕುಡಿಯಲು ಯೋಗ್ಯವೇ ಎಂದು ತಿಳಿಯುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಇದೆ, ಕ್ಯಾಲ್ಸಿಯಂ ಕಡಿಮೆ ಇರುವ ಮೆದು ನೀರಿನಲ್ಲೇ ಅದು ಹೆಚ್ಚಾಗಿರುವುದೂ ಉಂಟು. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಜಲಜೀವನ ಮಿಷನ್‌ನಡಿ ಗ್ರಾಮ ಪಂಚಾಯಿತಿಗಳಿಗೆ ಬಂದಿರುವ ನೀರು ಪರೀಕ್ಷಾ ಕಿಟ್‌ನಲ್ಲಿ ಫ್ಲೋರೈಡ್ ನೋಡುವ ಬಣ್ಣದ ಪರೀಕ್ಷೆ ಇರುತ್ತದೆ, ಊರಿನ ಮಹಿಳೆಯರಿಗೆ ಅದರ ತರಬೇತಿಯೂ ಆಗಿರುತ್ತದೆ. ಅವರಲ್ಲೊಬ್ಬರನ್ನು ಶಾಲೆಗೆ ಕರೆಸಿ, ಮಕ್ಕಳು ಪಕ್ಕದಲ್ಲಿ ನಿಂತು ನೋಡಲಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿ.ಗ್ರಾಂ ಒಪ್ಪಿತ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರ ತನಕ. ಅದಕ್ಕಿಂತ ಹೆಚ್ಚು ಕಂಡರೆ ಪ್ರಯೋಗಾಲಯಕ್ಕೆ ಮಾದರಿ ಕಳಿಸುವ ಜವಾಬ್ದಾರಿ ದೊಡ್ಡವರದು. ‘ನಿಮ್ಮ ನೀರು ಕೆಟ್ಟದ್ದು’ ಎಂದು ಮಕ್ಕಳ ಬಾಯಿಂದ ಊರಿಗೆ ಹೇಳಿಸಬೇಡಿ.

ಈಗ ಬಿಟ್ಟುಹೋಗುವವರ ವಿಷಯ. ಬಿಡುವ ಕಾರಣಗಳಲ್ಲಿ ಬಹುಪಾಲು ಆಸಕ್ತಿಗೆ ಸಂಬಂಧಿಸಿದ್ದೇ ಅಲ್ಲ. ಸಂಜೆ ನಾಲ್ಕೂವರೆ ಮೇಲೆ ಕ್ಲಬ್ ಇಟ್ಟರೆ ಪಕ್ಕದ ಹಟ್ಟಿಯ ಮಕ್ಕಳಿಗೆ ಬಸ್ಸು ತಪ್ಪುತ್ತದೆ, ಹೆಣ್ಣುಮಕ್ಕಳು ಮೊದಲ ತಿಂಗಳಲ್ಲೇ ಹೋದರೆಂದೇ ಲೆಕ್ಕ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಐವತ್ತು ನಿಮಿಷ ಇಡಿ, ಎಲ್ಲರ ಬಸ್ಸಿನ ಹೊತ್ತು ಕೇಳಿಕೊಂಡೇ ಗೊತ್ತುಮಾಡಿ.

ಅಕ್ಟೋಬರ್–ನವೆಂಬರ್ ಬಂತೆಂದರೆ ನಿಮ್ಮ ಕಡೆ ಶೇಂಗಾ ಕೀಳುವ ಕಾಲ. ಮನೆಮಂದಿಯೆಲ್ಲ ಹೊಲದಲ್ಲಿ, ಮಕ್ಕಳೂ ಅಲ್ಲೇ. ಆ ಮೂರು ವಾರ ಕ್ಲಬ್ಬಿಗೆ ಬಾರದವರ ಹೆಸರು ಹೊಡೆದುಹಾಕಿದರೆ ಅವರು ಮತ್ತೆ ಬರುವುದಿಲ್ಲ. ಕೆಲಸವನ್ನೇ ಹೊಲಕ್ಕೆ ಕಳಿಸಿ. ಕಿತ್ತ ಗಿಡಗಳಲ್ಲಿ ಇಪ್ಪತ್ತನ್ನು, ಕಣ್ಣಿಗೆ ಚೆನ್ನಾಗಿ ಕಂಡದ್ದನ್ನೇ ಆರಿಸದೆ, ಸಾಲಿನಲ್ಲಿ ಐದು ಗಿಡಕ್ಕೊಂದರಂತೆ ತೆಗೆದು, ಗಿಡಕ್ಕೆ ಎಷ್ಟು ಕಾಯಿ, ಅದರಲ್ಲಿ ಎಷ್ಟು ಜೊಳ್ಳು ಎಂದು ಎಣಿಸಿ ಬರೆಯಲಿ. ಕ್ಯಾಲ್ಸಿಯಂ ಒದಗಿಸುವ ಜಿಪ್ಸಂ ಹಾಕಿದ ಹೊಲದಲ್ಲಿ ಇಪ್ಪತ್ತು, ಹಾಕದ ಹೊಲದಲ್ಲಿ ಇಪ್ಪತ್ತು ಸಿಕ್ಕರೆ ಅದೇ ಒಂದು ಪ್ರಾಜೆಕ್ಟ್. ಶೇಂಗಾ ಕಾಯಿ ಮಣ್ಣಿನಿಂದ ನೇರವಾಗಿ ಕ್ಯಾಲ್ಸಿಯಂ ಹೀರುತ್ತದೆ, ಅದು ಸಾಲದಾದರೆ ಜೊಳ್ಳಾಗುತ್ತದೆ. ದೊಡ್ಡ ಗಿಡವನ್ನೇ ಆರಿಸಿ ಎಣಿಸುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು, ಅದಕ್ಕೇ ಐದಕ್ಕೊಂದು ಎಂದದ್ದು. ಜಗಳೂರು, ದಾವಣಗೆರೆ ಕಡೆಯ ಶಾಲೆಗಳು ಇದನ್ನೇ ಮೆಕ್ಕೆಜೋಳದ ತೆನೆಗೆ ಹೊಂದಿಸಿಕೊಳ್ಳಬಹುದು. ಹಿರಿಯೂರಿನವರಿಗೆ ವಾಣಿವಿಲಾಸ ಸಾಗರದ ನೀರಿನ ಮಟ್ಟವಿದೆ. 130 ಅಡಿಯ ಆ ಜಲಾಶಯ 1933ರ ನಂತರ 2022ರಲ್ಲಿ ಕೋಡಿ ಬಿದ್ದದ್ದು ಮಕ್ಕಳೂ ಕಂಡ ಸಂಗತಿ. ಮಟ್ಟವನ್ನು ಪತ್ರಿಕೆಯಿಂದ ಬರೆದಿಟ್ಟು ಊರಿನ ಮಳೆಯ ಜೊತೆ ಹೋಲಿಸಬಹುದು.

ತಂಡದೊಳಗೆ ಮೊದಲು ಬಿಡುವವರು ‘ಸಹಾಯಕರು’. ಒಬ್ಬಳು ಮಾತಾಡುತ್ತಾಳೆ, ಒಬ್ಬ ಅಳೆಯುತ್ತಾನೆ, ಉಳಿದಿಬ್ಬರು ಗೋಂದು ಹಚ್ಚುತ್ತಾರೆ. ಗೋಂದು ಹಚ್ಚುವವರಿಗೆ ಅಲ್ಲಿ ಇರಲು ಕಾರಣವೇ ಇಲ್ಲ. ಪ್ರತಿಯೊಬ್ಬರಿಗೂ ತಮ್ಮದೇ ನೀರು, ತಮ್ಮದೇ ಪುಟ ಇರಲಿ. ವಿವರಿಸುವ ಸರದಿ ವಾರಕ್ಕೊಬ್ಬರದು. ಮಕ್ಕಳ ವಿಜ್ಞಾನ ಸಮಾವೇಶದಂಥ ಕಡೆ ಮೇಲಿನ ಹಂತಕ್ಕೆ ನಾಯಕ ಅಥವಾ ನಾಯಕಿ ಮಾತ್ರ ಹೋಗುವ ಪರಿಪಾಠವಿದೆ, ಗೆಳೆತನಗಳು ಮುರಿಯುವುದು ಅಲ್ಲೇ. ನಾಯಕತ್ವ ಯಾರಿಗೆ, ಯಾಕೆ ಎಂಬುದು ಜುಲೈನಲ್ಲೇ ಮಕ್ಕಳ ಎದುರು ತೀರ್ಮಾನವಾಗಿರಲಿ.

ಸ್ಪರ್ಧೆಯ ಆಯ್ಕೆಯೂ ಇದರಲ್ಲಿ ಸೇರಿದೆ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 10ರಿಂದ 17 ವರ್ಷದವರಿಗೆ. ಸ್ಥಳೀಯ ಸಮಸ್ಯೆಯನ್ನು ಅಳೆದು ನೋಡಿದ ಅಧ್ಯಯನವನ್ನೇ ಅದು ಕೇಳುತ್ತದೆ. ನಮ್ಮ ರಾಜ್ಯದಲ್ಲಿ ಅದನ್ನು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸಿಕೊಂಡು ಬಂದಿದೆ. ಮೇಲೆ ಹೇಳಿದ ಕೆಲಸಗಳಿಗೆ ಸರಿಯಾದ ಜಾಗ ಅದು. ಇನ್‌ಸ್ಪೈರ್–ಮಾನಕ್ ಬೇಡುವುದು ಹೊಸ ಉಪಾಯವನ್ನು. ಶಾಲೆಯಿಂದ ಐದು ಉಪಾಯಗಳನ್ನು ಕಳಿಸಬಹುದು ಎಂದು ಕೊನೆಯ ರಾತ್ರಿ ಅಂತರ್ಜಾಲದಿಂದ ಐದನ್ನು ತುಂಬಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ. ಉಪಾಯ ಕಳಿಸಿ ಆಯ್ಕೆ ಪಟ್ಟಿ ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ, ತನ್ನದಲ್ಲದ ಉಪಾಯವನ್ನು ಮಗು ಅಷ್ಟರಲ್ಲಿ ಮರೆತಿರುತ್ತದೆ. ಮಾತುಗಾರ ಮಕ್ಕಳಿಗೆ ವಿಜ್ಞಾನ ನಾಟಕ ಮತ್ತು ವಿಚಾರಗೋಷ್ಠಿ ಇವೆ, ಅವರನ್ನು ಅಳತೆಗೆ ಕಟ್ಟಿಹಾಕಬೇಡಿ.

ಕಡ್ಡಾಯ ಮಾಡುವ ಬದಲು ಹೀಗೆ ಮಾಡಿ ನೋಡಿ. ಜೂನ್‌ನಲ್ಲಿ ಒಂದು ಪೀರಿಯಡ್ ಇಡೀ 8ನೇ ತರಗತಿಗೆ ಸೋಪಿನ ಪರೀಕ್ಷೆ ಮಾಡಿಸಿ, ಮನೆಯ ನೀರು ತರಿಸಿ. ಎಲ್ಲರ ಅಂಕಿಯನ್ನೂ ಕಪ್ಪುಹಲಗೆಯ ಮೇಲೆ ಬರೆಯಿರಿ. ಆಮೇಲೆ ‘ಇದನ್ನು ಮುಂದುವರಿಸಲು ಯಾರಿಗೆ ಮನಸ್ಸಿದೆ?’ ಎಂದು ಕೇಳಿ. ಇಪ್ಪತ್ತು ಕೈ ಏಳದಿರಬಹುದು, ಎಂಟು ಎದ್ದರೆ ಸಾಕು. ಅವರಿಗೆ ತಾವು ಯಾವುದಕ್ಕೆ ಒಪ್ಪುತ್ತಿದ್ದೇವೆಂದು ಗೊತ್ತಿರುತ್ತದೆ. 10ನೇ ತರಗತಿಯವರನ್ನು ನೆಚ್ಚಿ ತಂಡ ಕಟ್ಟಬೇಡಿ. ವಿಶೇಷ ತರಗತಿ ಶುರುವಾದ ಮೇಲೆ ಅವರು ಬರಲಾರರು, ಬರಬೇಕೆಂದು ಒತ್ತಾಯಿಸುವುದೂ ತರವಲ್ಲ. ತಿಂಗಳಿಗೊಮ್ಮೆ ಅರ್ಧ ಗಂಟೆ ಬಂದು ಕಿರಿಯರಿಗೆ ಕಠಿಣ ಪ್ರಶ್ನೆ ಕೇಳುವ ಕೆಲಸ ಅವರಿಗೆ ಕೊಡಿ, ಆಗ ಹೋಗುವುದೂ ಗೌರವದಿಂದಲೇ ಆಗುತ್ತದೆ.

ಸೋಲಿನ ಬಗ್ಗೆ ನಿಮಗಿರುವ ನೋವು ಅರ್ಥವಾಗುತ್ತದೆ. ಪಟ್ಟಣದ ಶಾಲೆಯ ಮಕ್ಕಳು ತರಬೇತುದಾರರ ಜೊತೆ ಮಿನುಗುವ ದೀಪಗಳ ರೋಬೋಟ್ ತಂದಿಟ್ಟಾಗ ನಮ್ಮ ಮಕ್ಕಳ ಬಾಟಲಿಗಳು ಬಡವಾಗಿ ಕಾಣುತ್ತವೆ, ಮಕ್ಕಳು ಅದನ್ನು ಮೈಯಲ್ಲೇ ಅನುಭವಿಸುತ್ತಾರೆ. ಸುಳ್ಳು ಸಮಾಧಾನ ಹೇಳಬೇಡಿ. ಹೋಗುವ ಮೊದಲೇ ತಯಾರಿ ಮಾಡಿ: ಎದುರಿನ ಮಾದರಿಯ ಮುಂದೆ ನಿಂತು ‘ನೀವು ಏನನ್ನು ಬದಲಿಸಿದಿರಿ? ಏನನ್ನು ಬದಲಾಗದಂತೆ ಇಟ್ಟಿರಿ? ಎಷ್ಟು ಸಲ ಅಳೆದಿರಿ?’ ಎಂದು ಕೇಳುವುದನ್ನು ಕಲಿಸಿ. ಈ ಮೂರು ಪ್ರಶ್ನೆ ಕೈಯಲ್ಲಿರುವ ಮಗು ಪ್ರದರ್ಶನದಲ್ಲಿ ಕುಗ್ಗಿ ಮೂಲೆ ಸೇರುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು, ತೀರ್ಪುಗಾರರಿಗೆ ಮೊದಲು ಊರಿಗೆ ತೋರಿಸಿ. ತಾಲ್ಲೂಕು ಮಟ್ಟಕ್ಕೆ ಎರಡು ವಾರ ಮುಂಚೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮಕ್ಕಳು ತಮ್ಮ ಅಂಕಿಗಳನ್ನು ವಿವರಿಸಲಿ: ಯಾವ ಬೋರಿನ ನೀರಿಗೆ ಸೋಪು ಹೆಚ್ಚು ಖರ್ಚು, ಕುದಿಸಿದರೆ ಎಷ್ಟು ಕಡಿಮೆಯಾಗುತ್ತದೆ, ಶುದ್ಧ ನೀರಿನ ಘಟಕದ ನೀರು ಎಷ್ಟು ಮೆದು. ಬಟ್ಟೆ ಒಗೆಯುವ ತಾಯಂದಿರು ಕೇಳುವ ಪ್ರಶ್ನೆಗಳು ತೀರ್ಪುಗಾರರ ಪ್ರಶ್ನೆಗಳಿಗಿಂತ ಮೊನಚಾಗಿರುತ್ತವೆ, ಉತ್ತರ ಕೇಳುವ ಕಾತರವೂ ಹೆಚ್ಚು. ತಮ್ಮ ಕೆಲಸ ಯಾರಿಗೋ ಬೇಕಾಗಿತ್ತು ಎಂದು ಅಷ್ಟರಲ್ಲೇ ಗೊತ್ತಾದ ಮಕ್ಕಳಿಗೆ ತಾಲ್ಲೂಕಿನ ಫಲಿತಾಂಶ ಬೇಸರ ತಂದೀತು, ಕೆಲಸವನ್ನು ಬಿಡಿಸದು. ಪ್ರಮಾಣಪತ್ರ ಕೊಡಬೇಕೆನಿಸಿದರೆ ಮುಂಚೆ ಹೇಳದೆ ಕೊಡಿ, ಅದರಲ್ಲಿ ‘ಭಾಗವಹಿಸಿದ್ದಾರೆ’ ಎಂದಷ್ಟೇ ಬರೆಯದೆ ಆ ಮಗು ಏನನ್ನು ಕಂಡುಹಿಡಿಯಿತು ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ.

ಈಗ ಉಳಿದಿರುವ ಮೂವರಿಗೆ. ಹೊಸ ಮಾದರಿ ಶುರು ಮಾಡಬೇಡಿ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಅವರು ಊರಿನ ಆರು ನೀರಿನ ಮೂಲಗಳನ್ನಷ್ಟೇ ಅಳೆದು, ಮುಗಿಯದ ಪಟ್ಟಿಯನ್ನೇ ಗೋಡೆಗೆ ಹಾಕಲಿ, ತುಂಬದ ಚೌಕಗಳನ್ನು ಖಾಲಿಯೇ ಬಿಟ್ಟು. ಪಕ್ಕದ ಹಿರಿಯ ಪ್ರಾಥಮಿಕ ಶಾಲೆಯ 7ನೇ ತರಗತಿಯವರನ್ನು ಅಂದು ಕರೆಸಿ, ಈ ಮೂವರೇ ಅವರ ಕೈಯಲ್ಲಿ ಸಿರಿಂಜು ಹಿಡಿಸಿ ಕಲಿಸಲಿ. ಜೂನ್‌ನಲ್ಲಿ ನಿಮ್ಮ 8ನೇ ತರಗತಿಗೆ ಬರುವವರು ಅವರೇ. ನೋಟ್‌ಬುಕ್ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೇಸಿಗೆಯ ಅಳತೆ ಒಂದಾದರೂ ಅದರಲ್ಲಿ ಇರುವಂತೆ ಏಪ್ರಿಲ್ ರಜೆಗೆ ಮೊದಲೇ ನೋಡಿಕೊಳ್ಳಿ, ಮಳೆಗಾಲದ ಅಂಕಿಗೆ ಹೋಲಿಸಲು ಬೇಕಾಗುತ್ತದೆ. ಸೋಪಿನ ದ್ರಾವಣವನ್ನು ಮಾತ್ರ ಜೂನ್‌ಗೆ ಹೊಸದಾಗಿ ಮಾಡಿಸಿ, ಹಳೆಯದು ಅಷ್ಟರಲ್ಲಿ ಕೆಟ್ಟಿರುತ್ತದೆ. ಹೊಸ ದ್ರಾವಣವನ್ನು ಮತ್ತೆ ಡಿಸ್ಟಿಲ್ಡ್ ನೀರಿನಲ್ಲಿ ಪರೀಕ್ಷಿಸಿದ ಮೇಲೆಯೇ ಬಳಸಲಿ.